ನಮ್ಮ ಮನೆಯ ಐದು ಮತ

ಗಡಹಿಂಗ್ಲಜ,
ಸತ್ಯಪ್ಪನ ಅಡತಿ ಅಂಗಡಿಯಿಂದ,
ಮಂಗಳವಾರ, ೨೭–೧೨–೨೦೨೨

ಮಗಳು ವೃಷಾಲಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀ ನನ್ನವ್ವಾ? ಆರು ತಿಂಗಳು ತುಂಬುತ್ತ ಬಂತು. ಕಾಲು ಬಾಯುತ್ತವೆ ಎಂದು ಹೇಳಿದ್ದಿ, ಬಾವು ಇಳಿಯಿತೋ ಇಲ್ಲವೋ? ಕಬನೂರಿನ ಆ ಮಗ್ಗಗಳ ಸಪ್ಪಳದಲ್ಲಿ ನಿನಗೆ ನಿದ್ದೆ ಹೇಗೆ ಹತ್ತುತ್ತದೆಯೋ ಮಲ್ಲಯ್ಯನೇ ಬಲ್ಲ. ಕೂಸು ಹೊಟ್ಟೆಯಲ್ಲೇ ಆ ಖಟಪಟಕ್ಕೆ ರೂಢಿಯಾಗಿಬಿಡುತ್ತದೆ, ನಾಳೆ ನಮ್ಮೂರಿಗೆ ಬಂದರೆ ಇಲ್ಲಿ ಸದ್ದೇ ಇಲ್ಲ ಎಂದು ಅಳುತ್ತದೆ ಅಂತ ನಿನ್ನ ಅನ್ನವ್ವಜ್ಜಿ ನಗುತ್ತಾಳೆ. ಅಳಿಯಂದಿರು ನಿಖಿಲ ಅವರ ಪಾಳಿ ಇನ್ನೂ ಹಗಲಿನದೇ ಇದೆಯೇ? ಬೀಗತಿಯವರ ಮೊಣಕಾಲು ನೋವು ಹೇಗಿದೆ? ಹತ್ತಿಯ ಧೂಳು ಮೂಗಿಗೆ ಹೋಗದಂತೆ ಬಾಗಿಲು ಹಾಕಿಕೊಂಡು ಕೂತುಕೋ. ನುಗ್ಗೆ ಸೊಪ್ಪು ಸಿಕ್ಕರೆ ತಿನ್ನು, ಸಿಗದಿದ್ದರೆ ನಿನ್ನ ತಮ್ಮ ಸಾಗರನ ಕೈಯಲ್ಲಿ ಕಳಿಸುತ್ತೇನೆ.

ಫೋನು ಇರುವಾಗ ಈ ಮುದುಕನಿಗೆ ಪತ್ರ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಹುಬ್ಬು ಏರಿಸುತ್ತೀ, ನನಗೆ ಇಲ್ಲಿಂದಲೇ ಕಾಣುತ್ತದೆ. ನಮ್ಮ ಮನೆಯ ಫೋನಿನ ಕಥೆ ನಿನಗೆ ಗೊತ್ತಲ್ಲ. ಅಜ್ಜಿಗೆ ಕಿವಿ ಮಂದವಾದ ದಿನದಿಂದ ಯಾವ ಮಾತೇ ಇರಲಿ ಸ್ಪೀಕರ್ ಮೇಲೆ ಹಾಕಬೇಕು. ನಾನು ಪಡಸಾಲೆಯಲ್ಲಿ ಕೆಮ್ಮಿದ್ದು ಹಿತ್ತಲಿನವರೆಗೆ ಕೇಳುತ್ತದೆ. ಹೊಲಕ್ಕೆ ಹೋಗಿ ಮಾತಾಡೋಣ ಎಂದರೆ ನಿನ್ನವ್ವ ಅಲ್ಲೂ ನನ್ನ ಹಿಂದೆಯೇ ಇರುತ್ತಾಳೆ, ಯಾಕೆಂದರೆ ಈ ವರ್ಷ ಮೆಣಸಿನಕಾಯಿ ಬಿಡಿಸಲು ಆಳುಗಳೇ ಬರಲಿಲ್ಲ, ನಾವಿಬ್ಬರೇ ಬಿಡಿಸಿದ್ದು. ಇಂದು ಚೀಲ ಇಳಿಸಲು ಒಬ್ಬನೇ ಗಡಹಿಂಗ್ಲಜಕ್ಕೆ ಬಂದೆ. ಸತ್ಯಪ್ಪ ಕಾಗದ ಕೊಟ್ಟು, ತನ್ನ ಗಾದಿಯ ಮೂಲೆ ಬಿಟ್ಟುಕೊಟ್ಟು, 'ಏನ್ ಬರಿಯಾಕತ್ತೀಯೋ ಮಾರಾಯಾ, ಹೊಲ ಮಾರಾಕತ್ತೀಯೇನು?' ಎಂದು ಎರಡು ಸಲ ಕೇಳಿದ್ದಾನೆ. ಖಾರದ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿದೆ, ಅಕ್ಷರ ಅಂಕುಡೊಂಕಾದರೆ ಸುಧಾರಿಸಿಕೊಂಡು ಓದು.

ನೀನು ತಮ್ಮನ ಫೋನಿಗೆ ಕಳಿಸಿದ ಅಳುವನ್ನು ಸಾಗರ ಕೊಲ್ಹಾಪುರದಿಂದ ಬಂದಾಗ ನನಗೆ ಕೇಳಿಸಿದ. 'ಅವ್ವ ನನ್ನ ಜೋಡಿ ಮಾತು ಬಿಟ್ಟಾಳ, ನಾ ಬರಲಿಲ್ಲ ಅಂತ ಅಕಿ ಸೋತಾಳ' ಎಂದು ಬಿಕ್ಕಿ ಬಿಕ್ಕಿ ಹೇಳಿದ್ದಿಯಲ್ಲ, ಅದನ್ನು ಪೂರ್ತಿ ಕೇಳದೆ ಫೋನನ್ನು ಸಾಗರನ ಕೈಗೆ ತಿರುಗಿ ಕೊಟ್ಟೆ. ಬಸುರಿ ಹೆಣ್ಣು ಹಾಗೆ ಅಳಬಾರದು. ಹಸಿರು ಸೀರೆ ತಂದು ಪೆಟ್ಟಿಗೆಯಲ್ಲಿ ಇಟ್ಟಾಗಿದೆ, ಜನವರಿಯಲ್ಲಿ ನಿನ್ನ ಕುಬಸಕ್ಕೆ ಅವ್ವನೇ ಬಂದು ಉಡಿ ತುಂಬಬೇಕು. ಅಜ್ಜಿ ಕುಬಸದ ಮಾತು ತೆಗೆದರೆ ಮಾತ್ರ ನಿನ್ನವ್ವ ಮೊರ ಹಿಡಿದು ಎದ್ದು ಹೋಗುತ್ತಾಳೆ. ಬರುವುದಿಲ್ಲ ಎಂದು ಹೇಳಿಲ್ಲ, ಬರುತ್ತೇನೆ ಎಂದೂ ಹೇಳಿಲ್ಲ. ನಿನಗೆ ಅರ್ಧ ಸುದ್ದಿ ಸಾಗರ ಹೇಳಿದ್ದಾನೆ, ಕಾಲುಭಾಗ ನಾನು ಹೇಳಿದ್ದೇನೆ. ಇಡೀ ಕಥೆ ಮೊದಲಿನಿಂದ ಹೇಳುತ್ತೇನೆ, ನೀನೇ ನೋಡು ಇದರಲ್ಲಿ ನಿನ್ನ ತಪ್ಪು ಎಷ್ಟು ಎಂದು.

ಕಾರ್ತೀಕದ ಕೊನೆಯ ಸೋಮವಾರ ಮಲ್ಲಯ್ಯನ ಗುಡಿಯಲ್ಲಿ ಊರು ಕೂಡಿತು. ಸರಪಂಚನ ಜಾಗ ಈ ಸಲ ಹೆಂಗಸರಿಗೆ ಮೀಸಲು. ಗುಡಿಯಲ್ಲಿ ಹೆಂಗಸು ಎಂದು ಇದ್ದದ್ದು ಒಳಗೆ ಮಲ್ಲಯ್ಯನ ಪಕ್ಕದ ಗಂಗಿಮಾಳವ್ವ ಒಬ್ಬಳೇ. ಉಳಿದವರೆಲ್ಲ ನಾವು, ಮೀಸೆ ಇದ್ದವರು. ಧೋಂಡಿಬಾ ಕಾಕಾ ಎದ್ದು 'ಗಾವಾತ್ ಏಕೀ ಪಾಹಿಜೆ' ಎಂದು ಮರಾಠಿಯಲ್ಲಿ ಶುರು ಮಾಡಿ, ಊರಿನಲ್ಲಿ ಒಗ್ಗಟ್ಟು ಬೇಕು, ಚುನಾವಣೆ ಎಂದರೆ ಮನೆ ಮನೆ ಒಡೆಯುತ್ತದೆ, ಎದುರಾಳಿ ಇಲ್ಲದೆ ಬಿನವಿರೋಧ ಆರಿಸೋಣ, ಮೇಲಿನವರ ಕಣ್ಣಿಗೂ ಚಂದ ಕಾಣುತ್ತದೆ ಎಂದು ಕನ್ನಡದಲ್ಲಿ ಮುಗಿಸಿದ. ಬಸಗೊಂಡ ತನ್ನ ಹೆಂಡತಿ ಕಾಂಚನಳ ಹೆಸರು ಹೇಳಿದ. ಎಲ್ಲರೂ ಹೂಂ ಎಂದರು. ನಾನೂ ಹೂಂ ಎಂದೆ. ಸುಳ್ಳು ಯಾಕೆ ಹೇಳಲಿ, ನನಗೆ ಅದು ಚಲೋ ಮಾತು ಎಂದೇ ಅನಿಸಿತ್ತು. ಹಿಂದಿನ ಚುನಾವಣೆಯಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಬಾವಿಯ ಪಾಲಿಗೆ ಬೇಲಿ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡವನು.

ಆಮೇಲೆ ಬೇಲಭಂಡಾರ ತಂದರು. ನಿನಗೆ ಗೊತ್ತು, ಬಿಲ್ವಪತ್ರೆ ಮತ್ತು ಅರಿಶಿನದ ಭಂಡಾರವನ್ನು ಅಂಗೈಯಲ್ಲಿ ಎತ್ತಿ ಮಾತು ಕೊಟ್ಟರೆ ನಮ್ಮೂರಲ್ಲಿ ಅದರ ಮೇಲೆ ಕೋರ್ಟೂ ಇಲ್ಲ, ಕಚೇರಿಯೂ ಇಲ್ಲ. ಮನೆಯ ಯಜಮಾನ ಎತ್ತಿದರೆ ಮನೆಯವರೆಲ್ಲ ಎತ್ತಿದಂತೆ. ಅಪ್ಪ ಎತ್ತುವುದನ್ನು ನೋಡಿದ್ದೆ, ಅಜ್ಜ ಎತ್ತುವುದನ್ನು ನೋಡಿದ್ದೆ. ನನ್ನ ಪಾಳಿ ಬಂದಾಗ ಅಂಗೈ ಒಡ್ಡಿ, 'ನಮ್ಮ ಮನಿದು ಐದು ಮತ ಊರಿನ ಮಾತಿಗೆ. ತಪ್ಪಿದ್ರ ಮಲ್ಲಯ್ಯ ನನ್ನ ಕುಡಿಯನ್ನ ಕೇಳಲಿ' ಎಂದೆ. ಐದು ಎಂದರೆ ನಾನು, ನಿನ್ನವ್ವ, ಅಜ್ಜಿ, ಸಾಗರ, ಮತ್ತೆ ನೀನು. ಮದುವೆಯಾಗಿ ಮೂರು ವರ್ಷವಾದರೂ ನಿನ್ನ ಹೆಸರು ಇನ್ನೂ ನಮ್ಮೂರ ಮತದಾರರ ಯಾದಿಯಲ್ಲೇ ಇದೆ, ಕಬನೂರಿಗೆ ಬರೆಸಿಕೊಳ್ಳಿ ಎಂದು ಎಷ್ಟು ಸಲ ಹೇಳಿದರೂ ನೀವು ಕೇಳಲಿಲ್ಲ. ಐವರಲ್ಲಿ ಒಬ್ಬರನ್ನಾದರೂ ಕೇಳಿದ್ದೆನೇ? ಕೇಳಬೇಕು ಎನ್ನುವುದೇ ತಲೆಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ನಿನ್ನವ್ವ ರೊಟ್ಟಿ ತಟ್ಟುತ್ತಿದ್ದಳು. ನಾನು ದೊಡ್ಡ ಕೆಲಸ ಮಾಡಿ ಬಂದವನ ಹಾಗೆ ಸುದ್ದಿ ಹೇಳಿದೆ. ಅವಳು ತಟ್ಟುವುದನ್ನು ನಿಲ್ಲಿಸಲಿಲ್ಲ. 'ಅಲ್ರೀ, ನನ್ನ ಮತ ಯಾವ ಕಿಸೆದಾಗ ಇಟಗೊಂಡ ಹೋಗಿದ್ರಿ?' ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಊರ ನಲ್ಲಿಗೆ ಹನ್ನೊಂದು ಗಂಟೆಗೆ ನೀರು ಬಿಡುತ್ತಾರೆ, ಆಗ ಹೆಂಗಸರೆಲ್ಲ ಹೊಲದಲ್ಲಿ ಇರುತ್ತಾರೆ, ಬೆಳಿಗ್ಗೆ ಬಿಡಿರಿ ಎಂದು ಅವಳು ಏಳು ವರ್ಷದಿಂದ ಗ್ರಾಮಸಭೆಯಲ್ಲಿ ಕೇಳುತ್ತಿದ್ದಾಳೆ. ಪ್ರತಿ ಸಲ ಕೈ ಎತ್ತಿಸಿ, ಬಹುಮತ ಇಲ್ಲ ಎಂದು ಕೂಡಿಸುತ್ತಾರೆ. ಹೆಂಗಸರ ಜಾಗವೊಂದು ಬಂದಾಗಲೂ ಅದನ್ನು ಗಂಡಸರೇ ಕೂತು ಹಂಚಿದರೆ ಹೇಗೆ ಎನ್ನುವುದು ಅವಳ ಪ್ರಶ್ನೆ. ಕಾಂಚನಳನ್ನಾದರೂ ಕೇಳಿದ್ದಾರಾ ಎಂದಳು. ಯಾರೂ ಕೇಳಿರಲಿಲ್ಲ. ಕಾಂಚನಳಿಗೆ ಗೊತ್ತಾದದ್ದು ಬಸಗೊಂಡ ಅವಳ ಫೋಟೋ ಹಾಕಿಸಿದ ಫಲಕ ಬಸ್ ನಿಲ್ದಾಣದಲ್ಲಿ ಎದ್ದ ಮೇಲೆ. ಫಲಕದಲ್ಲಿ ಅವಳದು ಅಂಗೈಯಗಲದ ಮುಖ, ಬಸಗೊಂಡನದು ಆಳೆತ್ತರದ್ದು.

ನಾನು ಭಂಡಾರ ಎತ್ತಿದ್ದೇನೆ ಎಂದು ಹೇಳಿದೆ. 'ನೀವು ಎತ್ತೀರಿ, ನಾ ಎತ್ತಿಲ್ಲ. ಮಲ್ಲಯ್ಯಗ ನಮ್ಮ ಮನಿ ಮತದ ಯಾದಿ ಯಾರ ಕೊಟ್ಟಾರ?' ಎಂದಳು. ನಾನು ಕೂಗಾಡಿದೆ. ಹೌದು, ತಟ್ಟೆಯನ್ನೂ ತಳ್ಳಿದೆ. ಅವಳು ಆ ತಟ್ಟೆಯನ್ನು ತೊಳೆದು ಗೂಡಿನಲ್ಲಿ ಇಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಒಂಬತ್ತರ ಬಸ್ಸಿಗೆ ಗಡಹಿಂಗ್ಲಜಕ್ಕೆ ಹೋಗಿ ಅರ್ಜಿಯ ಕಾಗದ ತಂದಳು. ಅದಕ್ಕೆ ಸೂಚಕರ ಸಹಿ ಬೇಕು. ಊರಲ್ಲಿ ಯಾರು ಹಾಕುತ್ತಾರೆ? ಎಂಬತ್ತೆರಡು ವರ್ಷದ ನನ್ನ ಅವ್ವ ಗೋಡೆ ಹಿಡಿದು ಎದ್ದು ಬಂದು, 'ತಾ ಇಲ್ಲಿ. ನಾ ಸಾಯೂದ್ರಾಗ ಒಮ್ಮೆಯಾದ್ರೂ ಈ ಹೆಬ್ಬಟ್ಟಿಗೆ ಕಿಮ್ಮತ್ತ ಬರಲಿ' ಎಂದು ಒತ್ತಿಯೇಬಿಟ್ಟಳು. ಹಡೆದವಳೂ ಕೈಹಿಡಿದವಳೂ ಒಂದೇ ಕಡೆ ಆದ ಮೇಲೆ ನಾನು ಸುಮ್ಮನೆ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದೆ.

ಅರ್ಜಿ ಹಾಕಿದ ಸುದ್ದಿ ಅವಳು ಬಸ್ಸು ಇಳಿಯುವುದಕ್ಕಿಂತ ಮೊದಲೇ ಊರು ಮುಟ್ಟಿತ್ತು. ಹಿಂದಕ್ಕೆ ತೆಗೆದುಕೊಳ್ಳಲು ಹೇಳು ಎಂದು ಧೋಂಡಿಬಾ ಕಾಕಾ ಎರಡು ಸಲ ಬಂದು ಹೋದ. 'ತಮ್ಮಣ್ಣಾ, ಮನಿ ಯಜಮಾನ ನೀನೋ ಅಕಿನೋ?' ಎಂದು ನಾಲ್ಕು ಮಂದಿಯ ಮುಂದೆ ಕೇಳಿದ. ಅವಳು ಹಿಂದೆ ಸರಿಯಲಿಲ್ಲ. ಆಗ ಗುಡಿಯಲ್ಲಿ ಮತ್ತೊಂದು ಸಭೆ ಕೂಡಿ, ಚುನಾವಣೆ ಮುಗಿಯುವ ತನಕ ತಮ್ಮಣ್ಣನ ಮನೆಯ ಚಹಾ ಯಾರೂ ಕುಡಿಯಬಾರದು, ಹೊಲಕ್ಕೆ ಯಾರೂ ಹೋಗಬಾರದು ಎಂದು ಠರಾವು ಮಾಡಿದರು. ಬೈಗುಳ ಇಲ್ಲ, ಜಗಳ ಇಲ್ಲ; ಎಲ್ಲ ಕೈ ಎತ್ತಿ, ಎಣಿಸಿ, ಸರಿಯಾಗಿ ಮಾಡಿದ್ದು. ಮೆಣಸಿನಕಾಯಿ ಗಿಡದಲ್ಲೇ ಒಣಗತೊಡಗಿತು. ಇಪ್ಪತ್ತು ವರ್ಷ ನನ್ನ ಕಟ್ಟೆಯ ಮೇಲೆ ಕೂತು ಪೇಪರು ಓದಿದವರು ಈಗ ಕಟ್ಟೆ ಬಂದರೆ ಆ ಕಡೆಯ ಗೋಡೆ ನೋಡುತ್ತ ದಾಟಿ ಹೋಗುತ್ತಿದ್ದರು.

ಆಗ ಒಂದು ವಿಷಯ ನನಗೆ ನೆನಪಾಯಿತು ಮಗಳೇ. ನೀನು ಕಾಲೇಜಿಗೆ ಹೋಗುತ್ತಿದ್ದಾಗ, ನಮ್ಮೂರ ಅಪ್ಪು ಜಾತ್ರೆಯ ಪಟ್ಟಿಯ ಹಣ ಕೊಡುವುದಿಲ್ಲ ಎಂದನೆಂದು ಅವನ ಮನೆಯ ನಲ್ಲಿ ಮುಚ್ಚಲು ಇದೇ ಗುಡಿಯಲ್ಲಿ ಕೈ ಎತ್ತಿದ್ದೆವು. ನನ್ನ ಕೈಯೂ ಮೇಲಿತ್ತು. ಮೂರು ತಿಂಗಳು ಅವನ ಹೆಂಡತಿ ಹೊಳೆಯಿಂದ ನೀರು ಹೊತ್ತಳು. ಹತ್ತು ಮಂದಿ ಹೇಳಿದ್ದು ನ್ಯಾಯ ಎಂದು ನಾನು ಗಟ್ಟಿಯಾಗಿ ನಂಬಿದ್ದೆ, ಯಾಕೆಂದರೆ ನಾನು ಯಾವಾಗಲೂ ಆ ಹತ್ತರಲ್ಲಿ ಒಬ್ಬನಾಗಿದ್ದೆ. ಹನ್ನೊಂದನೆಯವನಾಗಿ ಕೂತಾಗ ಗುಡಿಯ ಗಂಟೆಯ ಸದ್ದೇ ಬೇರೆ ಕೇಳಿಸುತ್ತದೆ. ಕೈ ಎತ್ತಿದವರಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ತ್ರಾಸು. ನಿನ್ನ ಮದುವೆಯಲ್ಲಿ ಪಂಕ್ತಿ ಬಡಿಸಿದವರೇ ಅವರೆಲ್ಲ.

ಇನ್ನು ಒಂದು ನಗುವ ಮಾತು. ನಿನ್ನವ್ವನಿಗೆ ಸಿಕ್ಕ ಚಿಹ್ನೆ ಏನು ಗೊತ್ತೇ? ಕಪಬಶಿ! ಕಾಂಚನಳಿಗೆ ಕಪಾಟು. ಯಾರೂ ಚಹಾ ಕುಡಿಯದ ಮನೆಗೆ ಕಪಬಶಿ ಬಂತು ಎಂದು ಊರೆಲ್ಲ ಕಿಸಿಕಿಸಿ ನಕ್ಕಿತು. ನಾಲ್ಕು ದಿನ ಆಗಿರಬೇಕು, ಒಂದು ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಒಬ್ಬಾಕೆ ಬಂದಳು. ಹೆಸರು ಬರೆಯುವುದಿಲ್ಲ, ಬರೆಯಬಾರದು ಎಂದು ನಿನ್ನವ್ವ ಚೆನ್ನವ್ವನ ಆಜ್ಞೆ. 'ಬೀಗರು ಬಂದಾರ, ಒಂದು ಕಪಬಶಿ ಕೊಡ ಯಕ್ಕಾ' ಎಂದಳು. ಅವಳ ಮನೆಗೆ ಯಾವ ಬೀಗರೂ ಬಂದಿರಲಿಲ್ಲ. ಮರುದಿನ ಇನ್ನೊಬ್ಬಳು, ಅದರ ಮರುದಿನ ಇಬ್ಬರು. ನಿನ್ನ ಮದುವೆಗೆ ಉಡುಗೊರೆ ಬಂದಿದ್ದ ಡಜನ್ ಕಪಬಶಿಯಲ್ಲಿ ಹನ್ನೊಂದು ಹೀಗೆ ಸೆರಗಿನೊಳಗೆ ಹೋದವು, ಒಂದೂ ತಿರುಗಿ ಬರಲಿಲ್ಲ. ಉಳಿದ ಒಂದರಲ್ಲಿ ನಿನ್ನವ್ವ ಕುಡಿಯುತ್ತಿದ್ದಳು, ನನಗೆ ಹಿತ್ತಾಳೆಯ ವಾಟಗ. ತುಟಿ ಸುಟ್ಟುಕೊಂಡು ಬೈದರೆ, 'ಪ್ರಚಾರ ನಡದೈತಿ, ಸುಮ್ಮಕಿರ್ರಿ' ಎನ್ನುತ್ತಿದ್ದಳು. ಮೈಕು ಇಲ್ಲದೆ, ಜೀಪು ಇಲ್ಲದೆ, ಹಿತ್ತಲ ಬಾಗಿಲಿನಿಂದ ಅಂಥದೊಂದು ಪ್ರಚಾರವನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅವಳ ಮುಖದಲ್ಲಿ ಮದುವೆಯಾದ ಹೊಸದರಲ್ಲಿ ಇದ್ದ ಒಂದು ಕಳೆ ತಿರುಗಿ ಬಂದಿತ್ತು.

ಹದಿನೆಂಟನೆಯ ತಾರೀಕು, ರವಿವಾರ, ಮತದಾನ. ಸಾಗರ ಕೊಲ್ಹಾಪುರದಿಂದ ನಸುಕಿನಲ್ಲೇ ಮೋಟಾರಸೈಕಲ್ ಹೊಡೆದುಕೊಂಡು ಬಂದ. ಅಜ್ಜಿಯನ್ನು ಕುರ್ಚಿಯಲ್ಲಿ ಕೂಡಿಸಿ ಶಾಲೆಗೆ ಎತ್ತಿಕೊಂಡು ಹೋದೆವು; ಒಳಗಿಂದ ಬಂದವಳು ಎಲ್ಲರಿಗೂ ಮಸಿ ಹಚ್ಚಿದ ಬೆರಳು ತೋರಿಸುತ್ತ ಹೋದಳು. ನಾನೂ ಒಳಗೆ ಹೋದೆ, ಗುಂಡಿ ಒತ್ತಿದೆ, ಯಂತ್ರ ಕುಯ್ ಎಂದಿತು, ಹೊರಗೆ ಬಂದೆ. ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ ನಿನ್ನವ್ವ ನನ್ನ ಮುಖ ನೋಡಿ ನಕ್ಕಳು. ಮನೆಗೆ ಹೋದ ಮೇಲೆ ಉಳಿದ ಆ ಒಂದೇ ಕಪ್ಪಿನಲ್ಲಿ ನನಗೆ ಚಹಾ ಕೊಟ್ಟು ತಾನು ವಾಟಗದಲ್ಲಿ ಕುಡಿದಳು. 'ಭಂಡಾರ ಎತ್ತಿದ ಕೈಲೆ ಗುಂಡಿ ಒತ್ತೂದು ನಿಮಗ ಎಷ್ಟ ಕಠಿಣ ಆಗಿರಬೇಕು, ನಂಗ ಗೊತ್ತೈತ್ರಿ' ಎಂದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಮೆತ್ತಗೆ ಮಾತಾಡಿದ್ದು ಕಡಿಮೆ.

ಮಂಗಳವಾರ ಇಲ್ಲೇ ಗಡಹಿಂಗ್ಲಜದಲ್ಲಿ ಎಣಿಕೆ. ಕಪಾಟಿಗೆ ಮುನ್ನೂರ ಎಂಬತ್ತೆಂಟು, ಕಪಬಶಿಗೆ ಮುನ್ನೂರ ಎಂಬತ್ತೇಳು. ಒಂದೇ ಒಂದು ಮತ. ಊರಿಗೆ ಊರೇ ಭಂಡಾರ ಎತ್ತಿದ ಮೇಲೂ ಮುನ್ನೂರ ಎಂಬತ್ತೇಳು ಮಂದಿ ಆ ರಟ್ಟಿನ ಮರೆಯಲ್ಲಿ ತಮ್ಮ ಮನಸ್ಸನ್ನು ಒತ್ತಿದ್ದರು. ಧೋಂಡಿಬಾ ಕಾಕಾನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮರು ಎಣಿಕೆ ಮಾಡಿಸಿದರು, ಅಷ್ಟೇ ಬಂತು. ನಿನ್ನವ್ವ ಅಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಊರ ಕಮಾನು ಬಂದಾಗ ಒಂದೇ ಮಾತು ಹೇಳಿದಳು: 'ವೃಷಾಲಿ ಒಬ್ಬಾಕಿ ಬಂದಿದ್ರ…' ಮನೆಗೆ ಬಂದು ನಿನ್ನ ಫೋನು ಬಂದಾಗ ಎತ್ತಲಿಲ್ಲ. ಅಂದಿನಿಂದ ಎತ್ತಿಲ್ಲ.

ಈಗ ಅಪ್ಪನ ಲೆಕ್ಕ ಕೇಳು. ನೀನು ಬಂದು ಕಪಬಶಿ ಒತ್ತಿದ್ದರೆ ಏನಾಗುತ್ತಿತ್ತು? ಎರಡೂ ಕಡೆ ಮುನ್ನೂರ ಎಂಬತ್ತೆಂಟು ಆಗುತ್ತಿತ್ತು. ಸಮಸಮ ಆದರೆ ಚೀಟಿ ಎತ್ತಿಸುತ್ತಾರೆ. ಚೀಟಿಯಲ್ಲಿ ಯಾರ ಹೆಸರು ಬರುತ್ತಿತ್ತು ಎಂದು ಯಾರು ಹೇಳಬೇಕು? ಹಾಗಾಗಿ ನಿನ್ನಿಂದ ಅವ್ವ ಸೋತಳು ಎನ್ನುವುದು ಲೆಕ್ಕಕ್ಕೆ ನಿಲ್ಲದ ಮಾತು. ಇನ್ನೊಂದು, ನೀನಾಗಿ ಬರದೆ ಇದ್ದವಳಲ್ಲ. ಬರುತ್ತೇನೆ ಅಪ್ಪಾ, ನಿಖಿಲ ಕಾರು ಹೇಳಿದ್ದಾರೆ ಎಂದು ನೀನು ಶುಕ್ರವಾರ ಫೋನು ಮಾಡಿದ್ದಿ. ಆ ದಿನ ನಿನ್ನವ್ವ ಪ್ರಚಾರಕ್ಕೆಂದು ಮನೆಯಲ್ಲೇ ಉಳಿದಿದ್ದಳು, ಹೊಲದಲ್ಲಿ ನಾನೊಬ್ಬನೇ, ನಾನೇ ಎತ್ತಿದ್ದೆ. ರಸ್ತೆ ಕೆಟ್ಟದ್ದು, ಹೊಟ್ಟೆಯಲ್ಲಿ ಕೂಸಿದೆ, ಒಂದು ಮತಕ್ಕೆ ಏನಾಗುತ್ತದೆ, ಬರಬೇಡ ಎಂದು ಹೇಳಿದವನು ನಾನು. ಆ ಮಾತನ್ನು ನಾನು ಮನೆಯಲ್ಲಿ ಹೇಳಲೇ ಇಲ್ಲ. ನೀನೂ ನನ್ನ ಹೆಸರು ತೆಗೆಯಲಿಲ್ಲ, ತಪ್ಪನ್ನು ಮೈಮೇಲೆ ಹಾಕಿಕೊಂಡು ಕೂತಿದ್ದೀ. ಅದಕ್ಕೆ ನಾನು ನಿನ್ನ ಮುಂದೆ ಸಣ್ಣವನಾಗಿದ್ದೇನೆ.

ಊರು ಈಗ ಮೊದಲಿನ ಹಾಗೇ ಇದೆ, ಅದೇ ವಿಚಿತ್ರ. ಠರಾವಿನ ಅವಧಿ ಮುಗಿಯಿತಲ್ಲ, ಗುರುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಪೇಪರಿನವರು ಬಂದು ಕೂತರು, ಚಹಾ ಕೇಳಿದರು. ಅದೇ ದಿನ ಹಿತ್ತಲಲ್ಲಿ ಕಪಬಶಿಗಳು ಬರತೊಡಗಿದವು, ತೊಳೆದು, ಒರೆಸಿ, ಕೆಲವುಗಳಲ್ಲಿ ಒಂದು ಹಿಡಿ ಸಕ್ಕರೆ ಹಾಕಿ. ಬರಿಗೈಯಲ್ಲಿ ಕೊಡಬಾರದಂತೆ. ಹನ್ನೊಂದನೆಯದನ್ನು ತಂದವಳ ಹೆಸರನ್ನು ಮಾತ್ರ ನಿನಗೆ ಹೇಳುತ್ತೇನೆ, ನಿನ್ನ ಹೊಟ್ಟೆಯಲ್ಲೇ ಇರಲಿ. ಕಾಂಚನ. ಗೆದ್ದವಳೇ. ಅವಳು ಯಾವಾಗ ಒಯ್ದಿದ್ದಳೋ ನನಗೆ ತಿಳಿಯದು. ಕಪ್ಪನ್ನು ಒಲೆಯ ಪಕ್ಕ ಇಟ್ಟು, 'ನೀರಿನ ವ್ಯಾಳ್ಯಾ ನೀವು ಹೇಳಿದಂಗ ಮಾಡ್ತೇನ್ರಿ ಯಕ್ಕಾ, ಇವರು ಬಿಟ್ರ' ಎಂದು ಹೇಳಿ, ಸೆರಗಿನಿಂದ ಕಣ್ಣು ಒತ್ತಿಕೊಂಡು ಹೋದಳು. ಆ ಯಂತ್ರದ ಮುಂದೆ ಅವಳು ಯಾವ ಗುಂಡಿ ಒತ್ತಿದ್ದಾಳೆ ಎಂದು ನಾನು ಕೇಳಲಿಲ್ಲ, ಚೆನ್ನವ್ವನೂ ಕೇಳಲಿಲ್ಲ.

ಐದು ದಿನದಿಂದ ನನ್ನ ತಲೆಯಲ್ಲಿ ಇದೇ ತಿರುಗುತ್ತಿದೆ. ಒಂದು ಮತ ಹೆಚ್ಚು ಬಂದರೆ ಕಾಂಚನಳ ಗಂಡ ಐದು ವರ್ಷ ಆಳುತ್ತಾನೆ, ಮುನ್ನೂರ ಎಂಬತ್ತೇಳು ಮಂದಿ ಸುಮ್ಮನಿರಬೇಕು. ಕಾನೂನು ಹಾಗೇ ಇದೆ, ಎಣಿಸದೆ ಬೇರೆ ದಾರಿಯೂ ಇಲ್ಲ, ಕೊಡಲಿಯಿಂದ ನಿಶ್ಚಯ ಮಾಡುವುದಕ್ಕಿಂತ ಬೆರಳಿನಿಂದ ಮಾಡುವುದು ಚಲೋ ಎಂದು ನಾನೂ ಒಪ್ಪುತ್ತೇನೆ. ಆದರೆ ಎಣಿಕೆಗೆ ಬರುವ ಮೊದಲು ಆ ಬೆರಳು ಅವರವರದೇ ಆಗಿರಬೇಕಲ್ಲ? ಸರ್ಕಾರ ಮೂರು ಕಡೆ ರಟ್ಟು ನಿಲ್ಲಿಸಿ, ಒಳಗೆ ನೀನು ಒಬ್ಬನೇ, ಯಾರೂ ನೋಡುವುದಿಲ್ಲ ಎಂದು ಹೇಳುತ್ತದೆ. ಒಬ್ಬನೇ ಹೋಗುವವರು ಎಷ್ಟು ಮಂದಿ? ಒಬ್ಬನ ಜೊತೆ ಅವನ ಜಾತಿ ಹೋಗುತ್ತದೆ, ಇನ್ನೊಬ್ಬನ ಜೊತೆ ಅವನ ಸಕ್ಕರೆ ಕಾರ್ಖಾನೆ ಹೋಗುತ್ತದೆ, ಹೆಂಗಸಿನ ಜೊತೆ ಗಂಡ ಹೋಗುತ್ತಾನೆ. ಏಳನೆಯ ಇಯತ್ತೆ ಓದಿದ ನಿನ್ನವ್ವ ಒಬ್ಬಳೇ ಒಳಗೆ ಹೋಗಿ ಒಬ್ಬಳೇ ಹೊರಗೆ ಬಂದಳು. ಅದನ್ನು ಅವಳಿಗೆ ಯಾರು ಕಲಿಸಿದರೋ ನನಗೆ ಗೊತ್ತಿಲ್ಲ, ನಾನಂತೂ ಕಲಿಸಲಿಲ್ಲ.

ಸತ್ಯಪ್ಪ ಮೂರನೆಯ ಸಲ ಇಣುಕಿ ಹೋದ. ಮುಗಿಸುತ್ತೇನೆ. ಹೊತ್ತು ಹೊತ್ತಿಗೆ ಊಟ ಮಾಡು. ಅಳಬೇಡ. ಅಳಿಯಂದಿರಿಗೆ ನನ್ನ ಶರಣು ಹೇಳು, ಬೀಗತಿಯವರಿಗೆ ಶರಣು ತಿಳಿಸು. ಅಜ್ಜಿ ತನ್ನ ಬೆರಳಿನ ಮಸಿ ಹೋಗದಂತೆ ನೀರಿಗೆ ಕೈ ಹಾಕುವುದನ್ನೇ ಬಿಟ್ಟಿದ್ದಾಳೆ, ಮರಿಮೊಮ್ಮಗು ಹುಟ್ಟುವ ತನಕ ಇರಬೇಕಂತೆ. ಅವಳ ಮುತ್ತು ನಿನಗೂ ಕೂಸಿಗೂ. ಮಲ್ಲಯ್ಯ ನಿನ್ನನ್ನು ತಣ್ಣಗೆ ಇಟ್ಟಿರಲಿ, ನಿನ್ನ ಮಡಿಲು ತುಂಬಿರಲಿ, ಹುಟ್ಟುವುದು ಗಂಡಾಗಲಿ ಹೆಣ್ಣಾಗಲಿ ನಿನ್ನವ್ವನ ಎದೆಗಾರಿಕೆ ಅದಕ್ಕೆ ಬರಲಿ.

ಎಂದು ನಿನ್ನ ಅಪ್ಪ,
ತಮ್ಮಣ್ಣ

ತಾ.ಕ.: ಪೋಸ್ಟಿನ ಕಟ್ಟೆಯ ಮೇಲೆ ನಿಂತು ಬರೆಯುತ್ತಿದ್ದೇನೆ, ನಾಲ್ಕಕ್ಕೆ ಟಪಾಲು ಎತ್ತುತ್ತಾರೆ. ಪಾಕೀಟು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ವೃಷಾಲಿ, ಕಡಿಮೆ ಬಿದ್ದ ಆ ಒಂದು ಮತ ನನ್ನದು. ನಾನು ಕಪಾಟು ಒತ್ತಿದೆ. ಐದು ಮತಕ್ಕೆ ಭಂಡಾರ ಎತ್ತಿದ್ದೆ. ಅವ್ವ, ಅಜ್ಜಿ, ಸಾಗರ ಮೂವರು ಮುರಿಯುತ್ತಾರೆ ಎಂದು ಗೊತ್ತಿತ್ತು. ನಿನ್ನದು ಮುರಿಯಬಾರದು ಎಂದು ನಿನ್ನನ್ನು ಬರಬೇಡ ಎಂದೆ, ರಸ್ತೆ ನೆಪ. ಉಳಿದದ್ದು ನನ್ನದು. ಮಲ್ಲಯ್ಯ ನನ್ನ ಕುಡಿಯನ್ನು ಕೇಳಲಿ ಎಂದು ಆಡಿದ್ದೆನಲ್ಲ, ಕಪಬಶಿಯ ಮೇಲೆ ಬೆರಳು ಇಟ್ಟಾಗ ನಿನ್ನ ಹೊಟ್ಟೆ ಕಣ್ಣ ಮುಂದೆ ಬಂತು, ಬೆರಳು ಸರಿಯಿತು. ಯಾರಿಗೂ ಇಲ್ಲ ಎನ್ನುವ ಗುಂಡಿಯೂ ಕೆಳಗೆ ಇತ್ತು, ಅದನ್ನೂ ಒತ್ತಲಿಲ್ಲ. ದೇವರ ಅಂಜಿಕೆ ಒಂದೇ ಎಂದು ಬರೆದು ಮುಗಿಸಬಹುದಿತ್ತು. ಅಷ್ಟೇ ಅಲ್ಲ. ನಾಳೆಯಿಂದ ಊರು ನನ್ನನ್ನು ಸರಪಂಚಬಾಯಿಯ ಗಂಡ ಎನ್ನುತ್ತದೆ ಎಂಬುದೂ ಹೊಟ್ಟೆಯೊಳಗೆ ಎಲ್ಲೋ ಇತ್ತು. ನೀನು ಬಂದಿದ್ದರೆ ಚೀಟಿ ಎತ್ತಬೇಕಾಗುತ್ತಿತ್ತು. ನನ್ನ ಬೆರಳು ಸರಿಯದಿದ್ದರೆ ಅವಳು ಗೆಲ್ಲುತ್ತಿದ್ದಳು. ಯಾರೂ ನೋಡದ ಜಾಗದಲ್ಲಿ ಕಾಂಚನ ಕೂಡ ತನಗೆ ಬೇಕಾದದ್ದು ಮಾಡಿದಳೇನೋ, ನನ್ನಿಂದ ಆಗಲಿಲ್ಲ. ಮತ ಹಾಕಿ ಬಂದ ದಿನ ನಿನ್ನವ್ವ ಕೊಟ್ಟ ಆ ಕಪ್ಪಿನ ಚಹಾ ಇನ್ನೂ ಗಂಟಲಲ್ಲಿದೆ. ನೀನು ಅಂಜಬೇಡ, ಮುದುಕನ ಬಾಯಿಯ ಆಣೆಗೆ ಕೂಸನ್ನು ಕೇಳುವ ದೇವರು ನಮ್ಮ ಮಲ್ಲಯ್ಯನಲ್ಲ, ಇದು ನನಗೆ ತಡವಾಗಿ ಹೊಳೆಯಿತು. ಇಂದು ಮನೆಗೆ ಹೋಗಿ ಚೆನ್ನವ್ವನಿಗೆ ಹೇಳುತ್ತೇನೆ. ರವಿವಾರದೊಳಗೆ ಅವ್ವನ ಫೋನು ನಿನಗೆ ಬರದಿದ್ದರೆ ಅಪ್ಪನಿಗೆ ಧೈರ್ಯ ಸಾಲಲಿಲ್ಲ ಎಂದು ತಿಳಿ. ಆ ದಿನ ನೀನೇ ಮನೆಗೆ ಫೋನು ಮಾಡು. ಅವಳು ಎತ್ತುವುದಿಲ್ಲ, ಅಜ್ಜಿ ಎತ್ತುತ್ತಾಳೆ, ಸ್ಪೀಕರ್ ಮೇಲೆ ಹಾಕುತ್ತಾಳೆ. ಇಷ್ಟನ್ನೂ ಗಟ್ಟಿಯಾಗಿ ಓದು. ನಾನು ಅಲ್ಲೇ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಈ ಸಲ ಭಂಡಾರ ಎತ್ತಿಲ್ಲ ಮಗಳೇ, ಬರೇ ನನ್ನ ಮಾತು.